ಫಾರ್ಮಾಲಿಟಿ: ಒಂದು ಪದದ ಅರ್ಥ, ಬಳಕೆ ಮತ್ತು ಕುನ್ನತ್ತೂರಿನ ಮನೆಗನ್ನಡ

ಸ್ವಾಗತ, ಪ್ರಾಸ್ತಾವಿಕ ನುಡಿ, ಪರಿಚಯ ಎಲ್ಲ ಆಗಲೇ ಮುಗಿದಿವೆ. ಸಂಚಾಲಕರು "ಫಾರ್ಮಾಲಿಟೀಸ್ ಎಲ್ಲಾ ಆಯ್ತು, ಇನ್ನು ವಿಷಯಕ್ಕೆ ಬನ್ನಿ" ಅಂತ ಹೇಳಿದರು. ನನ್ನ ವಿಷಯವೇ ಆ ಪದ. ಹಾಗಾಗಿ ಅವರ ಮಾತಿನಿಂದಲೇ ಶುರು ಮಾಡಬಹುದು.

ಫಾರ್ಮಾಲಿಟಿ ಅನ್ನುವ ಇಂಗ್ಲಿಷ್ ಪದವನ್ನು ನಾವು ದಿನಕ್ಕೆ ಹಲವು ಸಲ ಬಳಸುತ್ತೇವೆ. ಅದಕ್ಕೆ ಕನ್ನಡ ಏನು ಅಂತ ಕೇಳಿದರೆ ಒಬ್ಬರು ಔಪಚಾರಿಕತೆ ಅನ್ನುತ್ತಾರೆ, ಇನ್ನೊಬ್ಬರು ಶಿಷ್ಟಾಚಾರ ಅನ್ನುತ್ತಾರೆ, ಮತ್ತೊಬ್ಬರು ಕಾಟಾಚಾರ ಅನ್ನುತ್ತಾರೆ. ಈ ಮೂರೂ ಒಂದೇ ಅಲ್ಲ. ಶಿಷ್ಟಾಚಾರ ಹೊಗಳಿಕೆ, ಕಾಟಾಚಾರ ಬೈಗುಳ. ಒಂದೇ ಪದ ಹೊಗಳಿಕೆಗೂ ಬೈಗುಳಕ್ಕೂ ಹೇಗೆ ಆಗಿಬರುತ್ತದೆ? ಪ್ರಸ್ತುತ ಪ್ರಬಂಧದ ಮೊದಲ ಭಾಗ ಈ ಪ್ರಶ್ನೆಯನ್ನು ನೋಡುತ್ತದೆ. ಎರಡನೆಯ ಭಾಗ ನಮ್ಮ ಮನೆತನದ ಊರಾದ ತಿರುಪ್ಪೂರು–ಕೊಯಮತ್ತೂರು ಸೀಮೆಯ ಕುನ್ನತ್ತೂರಿಗೆ ಬರುತ್ತದೆ. ಅಲ್ಲಿ ಕನ್ನಡ ಮನೆಯೊಳಗೆ ಮಾತ್ರ ಇದೆ, ಫಾರ್ಮಾಲಿಟಿ ಎಲ್ಲ ತಮಿಳಿನಲ್ಲಿ ನಡೆಯುತ್ತದೆ. ಫಾರ್ಮಾಲಿಟಿ ಕಳೆದುಕೊಂಡ ಭಾಷೆಗೆ ಏನಾಗುತ್ತದೆ ಅನ್ನುವುದು ನನ್ನ ಮುಖ್ಯ ಪ್ರಶ್ನೆ.

1. ಪದದ ಮೂಲ ಮತ್ತು ಇಂಗ್ಲಿಷಿನ ಅರ್ಥಗಳು

ಈ ಪದದ ಬೇರು ಲ್ಯಾಟಿನ್ನಿನ 'ಫೋರ್ಮ'. ಆಕಾರ, ರೂಪ, ಅಚ್ಚು ಅಂತ ಅದರ ಅರ್ಥ. ಬೆಲ್ಲವನ್ನು ಅಚ್ಚಿಗೆ ಹೊಯ್ಯುತ್ತೇವಲ್ಲ, ಆ ಅಚ್ಚನ್ನೇ ನೆನಪಿಟ್ಟುಕೊಳ್ಳಿ. ಪಾಕ ಒಳಗಿನದು, ಅಚ್ಚು ಹೊರಗಿನದು. ಇಂಗ್ಲಿಷಿಗೆ ಈ ಪದ ಬಂದದ್ದು 16ನೆಯ ಶತಮಾನದಲ್ಲಿ. ಇವತ್ತಿನ ಇಂಗ್ಲಿಷಿನಲ್ಲಿ ಅದಕ್ಕೆ ಮೂರು ಮುಖ್ಯ ಅರ್ಥಗಳಿವೆ.

ಮೊದಲನೆಯದು, ಒಂದು ಗುಣ: ನಡೆ-ನುಡಿ, ಉಡುಪು, ಬರವಣಿಗೆ ಒಪ್ಪಿತ ಕ್ರಮಕ್ಕೆ ತಕ್ಕ ಹಾಗೆ ಇರುವುದು. ಎರಡನೆಯದು, ಒಂದು ಕ್ರಮ: ಕೆಲಸ ಊರ್ಜಿತವಾಗಲು ಮಾಡಲೇಬೇಕಾದ ವಿಧಿ, ಅಂದರೆ ಸಹಿ, ಸಾಕ್ಷಿ, ಮೊಹರು, ಅರ್ಜಿ. ಮೂರನೆಯದು, ಒಂದು ಟೀಕೆ: ಒಳಗೆ ಹುರುಳಿಲ್ಲದೆ ರೂಪಕ್ಕೆ ಮಾತ್ರ ಮಾಡಿದ್ದು. ಎರಡನೆಯ ಅರ್ಥದಲ್ಲಿ ಅಚ್ಚು ಇಲ್ಲದೆ ಬೆಲ್ಲ ನಿಲ್ಲುವುದಿಲ್ಲ. ಮೂರನೆಯದರಲ್ಲಿ ಅಚ್ಚು ಇದೆ, ಬೆಲ್ಲ ಇಲ್ಲ.

2. ಕನ್ನಡದ ಬಾಯಲ್ಲಿ ಫಾರ್ಮಾಲಿಟಿ

ಕನ್ನಡಕ್ಕೆ ಬಂದಮೇಲೆ ಈ ಪದ ತನ್ನದೇ ಹಾದಿ ಹಿಡಿದಿದೆ. ನಾವು ಆಡುವ ವಾಕ್ಯಗಳನ್ನು ಗಮನಿಸೋಣ.

"ಬ್ಯಾಂಕಿನ ಫಾರ್ಮಾಲಿಟೀಸ್ ಮುಗಿಸ್ಕೊಂಡು ಬರ್ತೀನಿ." ಇಲ್ಲಿ ಪದ ಬಹುವಚನದಲ್ಲಿದೆ. ಕಾಗದಪತ್ರದ ಕೆಲಸ ಅಂತ ಅರ್ಥ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗಲೂ, ಜಮೀನು ನೋಂದಣಿ ಮಾಡುವಾಗಲೂ ಇದೇ ಬಹುವಚನ.

"ಸುಮ್ನೆ ಫಾರ್ಮಾಲಿಟಿಗೆ ಕರೆದ್ರು." ಇಲ್ಲಿ ಏಕವಚನ, ಜೊತೆಗೆ 'ಗೆ' ಪ್ರತ್ಯಯ. ಕರೆದದ್ದು ನಿಜ, ಮನಸ್ಸು ಇರಲಿಲ್ಲ ಅಂತ ಅರ್ಥ.

"ನಮ್ಮ ನಿಮ್ಮ ಮಧ್ಯ ಎಂಥಾ ಫಾರ್ಮಾಲಿಟಿ?" ಇದು ನಿರಾಕರಣೆ. ಫಾರ್ಮಾಲಿಟಿ ಬೇಡ ಅನ್ನುವ ಮೂಲಕ ಹತ್ತಿರದವರು ಅಂತ ಸಾರುವ ರೀತಿ. ಇದನ್ನು ಹೇಳುವ ಹೊತ್ತಿಗೂ ಒಂದು ಕಟ್ಟಳೆ ಇದೆ ಅನ್ನುವುದು ಗಮನಾರ್ಹ. ದೊಡ್ಡವರು ಚಿಕ್ಕವರಿಗೆ, ಕೊಡುವವರು ತೆಗೆದುಕೊಳ್ಳುವವರಿಗೆ ಈ ಮಾತು ಹೇಳಬಹುದು. ಸಂಶೋಧನಾ ವಿದ್ಯಾರ್ಥಿ ತನ್ನ ಮಾರ್ಗದರ್ಶಕರಿಗೆ ಹೇಳಲು ಬರುವುದಿಲ್ಲ.

ಹೀಗೆ ಕನ್ನಡದಲ್ಲಿ ಬಹುವಚನವು ಮಾಡದಿದ್ದರೆ ಕೆಲಸ ಆಗದ ವಿಧಿಯನ್ನು ಸೂಚಿಸುತ್ತದೆ. 'ಗೆ' ಹತ್ತಿದ ಏಕವಚನವು ಮಾಡಿದರೂ ಏನೂ ಆಗದ ಕ್ರಿಯೆಯನ್ನು ಸೂಚಿಸುತ್ತದೆ. ಇಂಗ್ಲಿಷಿನ ಮೊದಲ ಅರ್ಥ, ಅಂದರೆ ಗುಣದ ಅರ್ಥ, ಕನ್ನಡದಲ್ಲಿ ಈ ನಾಮಪದಕ್ಕೆ ಹೆಚ್ಚಾಗಿ ಬಂದಿಲ್ಲ. ಅದಕ್ಕೆ ನಾವು 'ಫಾರ್ಮಲ್' ಅನ್ನುವ ವಿಶೇಷಣ ಇಟ್ಟುಕೊಂಡಿದ್ದೇವೆ: ಫಾರ್ಮಲ್ ಡ್ರೆಸ್, ಫಾರ್ಮಲ್ ಆಗಿ ಬರೆಯೋದು. ಈ ಬಿಟ್ಟುಹೋದ ಅರ್ಥವನ್ನು ಸ್ವಲ್ಪ ಪಕ್ಕಕ್ಕೆ ಇಟ್ಟಿರೋಣ, ಕುನ್ನತ್ತೂರಿಗೆ ಹೋದಾಗ ಬೇಕಾಗುತ್ತದೆ.

3. ನಮ್ಮಲ್ಲಿ ಮೊದಲೇ ಇದ್ದ ಪದಗಳು

ಇಂಗ್ಲಿಷ್ ಪದ ಬರುವ ಮುಂಚೆ ಈ ಭಾವನೆ ಕನ್ನಡಿಗರಿಗೆ ಇರಲಿಲ್ಲವೇ? ಧಾರಾಳವಾಗಿ ಇತ್ತು. ಮೂರು ಪದಗಳನ್ನು ಮಾತ್ರ ನೋಡೋಣ.

ಮೊದಲು ಉಪಚಾರ. ದೇವರ ಪೂಜೆಯಲ್ಲಿ ಷೋಡಶೋಪಚಾರ, ಅಂದರೆ ಹದಿನಾರು ಸೇವೆಗಳು. ಕರೆಯುವುದು, ಆಸನ ಕೊಡುವುದು, ಕಾಲಿಗೆ ನೀರು ಕೊಡುವುದು ಹೀಗೆ ಸಾಗುತ್ತದೆ. ಇವು ಮನೆಗೆ ಬಂದ ಅತಿಥಿಗೆ ಮಾಡುವ ಕೆಲಸಗಳೇ. ರೋಗಿಗೆ ಮಾಡುವ ಆರೈಕೆಯನ್ನೂ ಉಪಚಾರ ಅನ್ನುತ್ತೇವೆ. ಇಲ್ಲಿ ಪೊಳ್ಳುತನದ ಸುಳಿವೇ ಇಲ್ಲ. ಆದರೆ "ಉಪಚಾರಕ್ಕೆ ಹೇಳಿದೆ" ಅಂದ ಕೂಡಲೆ ಅರ್ಥ ತಿರುಗುತ್ತದೆ. ಸಂಸ್ಕೃತ ಕಾವ್ಯಮೀಮಾಂಸೆ ಓದಿದವರಿಗೆ ಇನ್ನೊಂದು ಅರ್ಥ ಗೊತ್ತಿರುತ್ತದೆ: ಪದವನ್ನು ಅದರ ಮುಖ್ಯಾರ್ಥ ಬಿಟ್ಟು ಬಳಸುವುದು ಉಪಚಾರ. "ಈ ಹುಡುಗ ಸಿಂಹ" ಅಂದರೆ ಅದು ಔಪಚಾರಿಕ ಪ್ರಯೋಗ. ಅಕ್ಷರಶಃ ನಿಜವಲ್ಲ, ಹಾಗಂತ ಸುಳ್ಳೂ ಅಲ್ಲ. "ಬನ್ನಿ, ಊಟ ಮಾಡಿ" ಅಂತ ಊಟದ ಹೊತ್ತಿಗೆ ಬಂದವರಿಗೆ ಹೇಳುವ ಮಾತೂ ಇಂಥದ್ದೇ. ಅವರು ಕೂತೇಬಿಡಬೇಕು ಅಂತಲ್ಲ, ನೀವು ಬಂದದ್ದು ನಮಗೆ ಭಾರವಲ್ಲ ಅಂತ ಅದರ ಅರ್ಥ.

ಎರಡನೆಯದು ಶಾಸ್ತ್ರ. ವಿಶ್ವವಿದ್ಯಾಲಯದಲ್ಲಿ ಶಾಸ್ತ್ರ ಅಂದರೆ ಭಾಷಾಶಾಸ್ತ್ರ, ಛಂದಶ್ಶಾಸ್ತ್ರ. ಮನೆಯಲ್ಲಿ ಶಾಸ್ತ್ರ ಅಂದರೆ ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರ. ಅದಕ್ಕೂ 'ಕ್ಕೆ' ಹಚ್ಚಿ ನೋಡಿ: "ಶಾಸ್ತ್ರಕ್ಕೆ ಒಂದು ತುತ್ತು ತಿನ್ನು."

ಮೂರನೆಯದು ಕಾಟಾಚಾರ. ಇದು ಬಹುಮಟ್ಟಿಗೆ "ಕಾಟಾಚಾರಕ್ಕೆ" ಅನ್ನುವ ರೂಪದಲ್ಲೇ ಕಿವಿಗೆ ಬೀಳುತ್ತದೆ.

ಈ ಪಟ್ಟಿಯನ್ನು ಬೆಳೆಸಬಹುದು: ಹೆಸರಿಗೆ, ಲೆಕ್ಕಕ್ಕೆ, ಮಾತಿಗೆ, ನೆಪಕ್ಕೆ, ತೋರಿಕೆಗೆ. ಹಿಂದೂಸ್ತಾನಿಯಿಂದ ಬಂದ ನಾಮಕಾವಾಸ್ತೆಯ ಅರ್ಥವೂ 'ಹೆಸರಿಗಾಗಿ' ಅಂತಲೇ. ಎಲ್ಲದರಲ್ಲೂ ಚತುರ್ಥಿ ವಿಭಕ್ತಿಯ ಕೆಲಸ ಇದೆ. ಕನ್ನಡ ವ್ಯಾಕರಣದಲ್ಲಿ ಚತುರ್ಥಿ ಕೊಡುವ ವಿಭಕ್ತಿ. ಯಾರಿಗೆ, ಯಾವುದಕ್ಕೆ ಅಂತ ಹೇಳುತ್ತದೆ. "ಮಗುವಿಗೆ ಹಾಲು" ಅಂದರೆ ಹಾಲು ಮಗುವಿಗೆ ಸೇರುತ್ತದೆ. "ಹೆಸರಿಗೆ ಅಧ್ಯಕ್ಷ" ಅಂದರೆ ಅಧ್ಯಕ್ಷತನ ಹೆಸರಿಗೆ ಸೇರಿತು, ಮನುಷ್ಯನಿಗೆ ಸೇರಲಿಲ್ಲ. ಕೊಟ್ಟದ್ದು ತಲುಪಬೇಕಾದವರಿಗೆ ತಲುಪದೆ ರೂಪಕ್ಕೇ ತಲುಪಿತು ಅನ್ನುವ ದೂರನ್ನು ಕನ್ನಡ ಒಂದು ಪ್ರತ್ಯಯದಲ್ಲಿ ಹೇಳಿಬಿಡುತ್ತದೆ. ಹಾಗಾಗಿ ಫಾರ್ಮಾಲಿಟಿ ಕನ್ನಡಕ್ಕೆ ಬಂದಾಗ ಅದಕ್ಕೆ ಒಂದು ಖಾಲಿ ಜಾಗ ಸಿದ್ಧವಾಗಿಯೇ ಇತ್ತು. 'ಶಾಸ್ತ್ರಕ್ಕೆ' ಇದ್ದ ಕಡೆ 'ಫಾರ್ಮಾಲಿಟಿಗೆ' ಬಂದು ಕೂತಿತು.

ಪಕ್ಕದ ತಮಿಳಿನಲ್ಲೂ ಇದೇ ವ್ಯಾಕರಣ ಕೆಲಸ ಮಾಡುತ್ತದೆ. ಅಲ್ಲಿ 'ಪೇರುಕ್ಕು' ಅಂದರೆ ಹೆಸರಿಗೆ, 'ಒಪ್ಪುಕ್ಕು' ಅಂದರೆ ಕಾಟಾಚಾರಕ್ಕೆ. ಆಟದಲ್ಲಿ ಚಿಕ್ಕ ಮಗುವನ್ನು ಅಳದಿರಲಿ ಅಂತ ಸೇರಿಸಿಕೊಂಡರೆ ತಮಿಳು ಮಕ್ಕಳು ಅದನ್ನು 'ಒಪ್ಪುಕ್ಕುಚ್ ಚಪ್ಪಾಣಿ' ಅಂತ ಕರೆಯುತ್ತಾರೆ. ನಮ್ಮಲ್ಲಿ ಅದೇ ಮಗು 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಈ ಮಾತನ್ನೂ ನೆನಪಿನಲ್ಲಿಡಿ.

4. ಒಪ್ಪ: ರೂಪ ಮತ್ತು ಒಪ್ಪಿಗೆ

'ಒಪ್ಪುಕ್ಕು' ಪದದ ಬೇರು ನಮ್ಮ 'ಒಪ್ಪು' ಕ್ರಿಯಾಪದದ ಬೇರೇ. ಆದರೆ ಕನ್ನಡದಲ್ಲಿ ಈ ಬೇರಿನಿಂದ ಹುಟ್ಟಿದ ಪದಗಳು ಗಟ್ಟಿಯಾದವು: ಒಪ್ಪಿಗೆ, ಒಪ್ಪಂದ, ಒಪ್ಪ-ಓರಣ. ಶಾಸನಗಳಲ್ಲಿ 'ಒಪ್ಪ' ಅಂದರೆ ಸಹಿ. ವಿಜಯನಗರದ ಅರಸರ ತಾಮ್ರಶಾಸನಗಳ ಕೊನೆಗೆ ಕನ್ನಡ ಲಿಪಿಯಲ್ಲಿ 'ಶ್ರೀ ವಿರೂಪಾಕ್ಷ' ಅಂತ ಇರುತ್ತದಲ್ಲ, ಅದು ಅರಸನ ಒಪ್ಪ. ಶಾಸನದ ಮೈ ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿ ಇದ್ದರೂ ಒಪ್ಪ ಮಾತ್ರ ಕನ್ನಡದ ಅಕ್ಷರಗಳಲ್ಲಿ ಇರುವುದುಂಟು. ತಮಿಳಿನಲ್ಲಿ ಇವತ್ತಿಗೂ ಸಹಿಗೆ 'ಕೈಯೊಪ್ಪಂ' ಅನ್ನುತ್ತಾರೆ. ಚೆಂದವಾಗಿರುವುದು, ತಕ್ಕುದಾಗಿರುವುದು, ಸಮ್ಮತಿಸುವುದು, ಸಹಿ ಹಾಕುವುದು ಇವು ನಾಲ್ಕೂ ಒಂದೇ ಬೇರಿನವು. ರೂಪ ಬೇರೆ, ಒಪ್ಪಿಗೆ ಬೇರೆ ಅಂತ ಈ ಬೇರು ಒಡೆದು ನೋಡಿಲ್ಲ.

ರೂಪ ಏಕೆ ಬೇಕು ಅನ್ನುವುದಕ್ಕೆ ಕಾನೂನಿನ ಕಡೆಯಿಂದ ಒಂದು ಸ್ಪಷ್ಟ ಉತ್ತರ ಇದೆ. ಅಮೆರಿಕದ ಕಾನೂನು ಚಿಂತಕ ಲಾನ್ ಫುಲ್ಲರ್ 1941ರ ಒಂದು ಲೇಖನದಲ್ಲಿ ಕಾನೂನಿನ ವಿಧಿರೂಪಗಳಿಗೆ ಮೂರು ಕೆಲಸಗಳನ್ನು ಗುರುತಿಸಿದರು. ಒಂದು, ಸಾಕ್ಷಿ ಉಳಿಸುವುದು. ಎರಡು, ಮಾಡುವವನನ್ನು ಎಚ್ಚರಿಸುವುದು, ಅಂದರೆ ಸಹಿ ಹಾಕುವ ಮುನ್ನ ಒಂದು ಕ್ಷಣ ಯೋಚಿಸುವ ಹಾಗೆ ಮಾಡುವುದು. ಮೂರು, ಉದ್ದೇಶಕ್ಕೆ ಎಲ್ಲರೂ ಗುರುತಿಸುವ ಒಂದು ದಾರಿ ಮಾಡಿಕೊಡುವುದು. ನಮ್ಮ ದೇಶದಲ್ಲಿ ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು ಅಂತ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೇಳುವುದು ಇದೇ ಕಾರಣಕ್ಕೆ. ಮದುವೆಗೆ ಮುಂಚೆ ನಾಲ್ಕು ಜನರ ಎದುರು ತಾಂಬೂಲ ಬದಲಾಯಿಸುವುದರಲ್ಲೂ ಈ ಮೂರೂ ಕೆಲಸ ಇವೆ. ಬಡವರಿಗೆ, ಓದು ಬಾರದವರಿಗೆ ಇಂಥ ರೂಪವೇ ರಕ್ಷಣೆ. ಬಲ ಇರುವವನಿಗೆ ಬಾಯಿಮಾತು ಸಾಕು, ಇಲ್ಲದವನಿಗೆ ಸಾಕ್ಷಿ ಬೇಕು.

ಅದೇ ರೂಪ ಮನುಷ್ಯನನ್ನು ತಿನ್ನುವುದನ್ನೂ ಕನ್ನಡ ಸಾಹಿತ್ಯ ತೋರಿಸಿದೆ. 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ನಾರಣಪ್ಪನ ಹೆಣ ಕಾಯುತ್ತಾ ಬಿದ್ದಿರುತ್ತದೆ. ಅಗ್ರಹಾರದವರು ಬದುಕಿದ್ದಾಗಲೇ ಅವನನ್ನು ಮನಸ್ಸಿನಿಂದ ಹೊರಗೆ ಹಾಕಿದ್ದರು, ಆದರೆ ವಿಧಿವತ್ತಾಗಿ ಬಹಿಷ್ಕಾರ ಹಾಕಿರಲಿಲ್ಲ. ಒಂದು ಫಾರ್ಮಾಲಿಟಿ ಬಾಕಿ ಉಳಿದದ್ದರಿಂದ ಇನ್ನೊಂದು ಫಾರ್ಮಾಲಿಟಿ, ಅಂದರೆ ಶವಸಂಸ್ಕಾರ, ಕಗ್ಗಂಟಾಗುತ್ತದೆ. ಕೊನೆಗೆ ಹೆಣ ಸುಡುವ ಏರ್ಪಾಡು ಮಾಡುವವಳು ಚಂದ್ರಿ, ಒಬ್ಬ ಮುಸ್ಲಿಂ ವ್ಯಾಪಾರಿಯ ನೆರವಿನಿಂದ. ವಿಧಿ ಗೊತ್ತಿದ್ದವರು ಕೈಕಟ್ಟಿ ಕೂತಿದ್ದಾಗ ವಿಧಿಯ ಹೊರಗಿದ್ದವರು ಕೆಲಸ ಮಾಡುತ್ತಾರೆ.

ಇನ್ನೊಂದು, ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'. ಗಿರೀಶ್ ಕಾಸರವಳ್ಳಿಯವರ ಚಿತ್ರ 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ತಬರನ ಪಾತ್ರ ಮಾಡಿದ ತಮಿಳುನಾಡಿನ ಚಾರುಹಾಸನ್ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ನಿವೃತ್ತನಾದ ಸಣ್ಣ ನೌಕರ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಹೆಂಡತಿಯ ಕಾಲು ಕೊಳೆಯುತ್ತಿರುತ್ತದೆ. ಕಚೇರಿಗೆ ಅದು ಮುಗಿಯದ ಫಾರ್ಮಾಲಿಟೀಸ್, ತಬರನಿಗೆ ಅದು ಹೆಂಡತಿಯ ಜೀವ.

ಈ ಎರಡು ಕೃತಿಗಳನ್ನು ಓದಿದ ಮೇಲೆ ಫಾರ್ಮಾಲಿಟಿಯೇ ಕೆಟ್ಟದ್ದು ಅನ್ನಿಸುವುದು ಸಹಜ. ನನ್ನ ಓದಿನಲ್ಲಿ ಅವು ಕೇಳುವುದು ಬೇರೆ: ರೂಪದ ಕೀಲಿಕೈ ಯಾರ ಕೈಯಲ್ಲಿದೆ? ತಬರನಿಗೆ ಕಾಗದದ ಭಾಷೆ ಅವನದಾಗಿರಲಿಲ್ಲ. ಈ ಪ್ರಶ್ನೆಯೊಂದಿಗೇ ಕುನ್ನತ್ತೂರಿಗೆ ಹೋಗೋಣ.

5. ಕುನ್ನತ್ತೂರಿನ ಮನೆಗನ್ನಡ

ಹಳೆಯ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಕನ್ನಡದ ಕೊಳ್ಳೇಗಾಲ ತಾಲ್ಲೂಕೂ ಸೇರಿತ್ತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯ ರಚನೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಉಳಿದ ಜಿಲ್ಲೆಯಲ್ಲಿ ಅಲ್ಲಲ್ಲಿ ಹರಡಿದ್ದ ಕನ್ನಡದ ಮನೆಗಳು ಇದ್ದ ಕಡೆಯೇ ಇದ್ದವು. ಮಗ್ಗದ ದೇವಾಂಗರು, ಬೇಸಾಯದ ಒಕ್ಕಲಿಗರು ಅದರಲ್ಲಿ ಮುಖ್ಯರು. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ ತಿರುಪ್ಪೂರು ಜಿಲ್ಲೆ ಆಯಿತು. ಜಿಲ್ಲೆಯ ಹೆಸರು ಬದಲಾಯಿತು, ಅಡುಗೆಮನೆಯ ಭಾಷೆ ಬದಲಾಗಲಿಲ್ಲ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷಿಕರು 12 ಲಕ್ಷಕ್ಕೂ ಹೆಚ್ಚು.

ನಮ್ಮದು ಮಗ್ಗದ ಮನೆತನ. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಶಾಲೆಯಲ್ಲಿ ಓದಿದ್ದು ತಮಿಳು ಮತ್ತು ಇಂಗ್ಲಿಷ್. ಕನ್ನಡದ ಅಕ್ಷರ ಕಲಿತದ್ದು ಪದವಿಗೆ ಕರ್ನಾಟಕಕ್ಕೆ ಬಂದ ಮೇಲೆ. ಮೊದಲ ವರ್ಷದ ಪಠ್ಯವನ್ನು ರಜೆಯಲ್ಲಿ ಅಜ್ಜಿಗೆ ಓದಿ ಹೇಳಿದಾಗ ಅವರು, "ಚೆನ್ನಾಗದೆ, ಇದು ಯಾರ ಕನ್ನಡ?" ಅಂತ ಕೇಳಿದರು. ಅವರು ತಮಾಷೆಗೆ ಕೇಳಲಿಲ್ಲ. 'ಆದ್ದರಿಂದ', 'ಮೇಲ್ಕಂಡ', 'ಮಾನ್ಯರೇ' ಇವು ಅವರು ಎಂದೂ ಕನ್ನಡದಲ್ಲಿ ಕೇಳದ ಪದಗಳು. ಅಂಥ ಮಾತು ಬೇಕಾದಾಗಲೆಲ್ಲ ಅವರಿಗೆ ತಮಿಳು ಒದಗುತ್ತಿತ್ತು.

ಇದನ್ನು ವಿವರಿಸಲು ಸಮಾಜಭಾಷಾವಿಜ್ಞಾನದಲ್ಲಿ ಸಲಕರಣೆಗಳಿವೆ. ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಒಂದೇ ಭಾಷೆಯ ಮೇಲ್ಸ್ತರದ ಮತ್ತು ಕೆಳಸ್ತರದ ರೂಪಗಳು ಕೆಲಸ ಹಂಚಿಕೊಳ್ಳುವುದನ್ನು ವಿವರಿಸಿದರು. ಜೋಶುವಾ ಫಿಶ್‌ಮನ್ 1967ರಲ್ಲಿ ಅದನ್ನು ವಿಸ್ತರಿಸಿ, ಬೇರೆ ಬೇರೆ ಭಾಷೆಗಳೂ ಹೀಗೆ ಹಂಚಿಕೊಳ್ಳಬಹುದು ಅಂತ ತೋರಿಸಿದರು. ಕುನ್ನತ್ತೂರಿನ ನಮ್ಮಂಥ ಮನೆಗಳು ಈ ಎರಡನೆಯ ಬಗೆ.

ಇನ್ನೂ ಸೂಕ್ಷ್ಮವಾಗಿ ನೋಡಲು ಮಾರ್ಟಿನ್ ಜೂಸ್ 1960ರ ದಶಕದ ಆರಂಭದಲ್ಲಿ ಹೇಳಿದ ಐದು ಶೈಲಿಗಳು ಸಹಾಯಕ್ಕೆ ಬರುತ್ತವೆ. ಅವನ್ನು ನಾನು ಹೀಗೆ ಕನ್ನಡಿಸಿಕೊಂಡಿದ್ದೇನೆ: ಹೆಪ್ಪುಗಟ್ಟಿದ ಶೈಲಿ (ಪ್ರಾರ್ಥನೆ, ಗಾದೆ, ಹಾಡು), ಔಪಚಾರಿಕ ಶೈಲಿ (ಭಾಷಣ, ಅರ್ಜಿ), ಸಮಾಲೋಚನೆಯ ಶೈಲಿ (ಡಾಕ್ಟರ್, ಮೇಷ್ಟ್ರು, ಅಪರಿಚಿತರ ಜೊತೆಗಿನ ಮಾತು), ಸಲುಗೆಯ ಶೈಲಿ, ಆಪ್ತ ಶೈಲಿ. ಈ ಐದನ್ನೂ ಮೆಟ್ಟಿಲುಗಳ ಹಾಗೆ ಇಟ್ಟು ನಮ್ಮ ಮನೆಗನ್ನಡವನ್ನು ಹುಡುಕಿದರೆ ಕೆಳಗಿನ ಎರಡು ಮೆಟ್ಟಿಲಲ್ಲಿ, ಅಂದರೆ ಸಲುಗೆ ಮತ್ತು ಆಪ್ತತೆಯಲ್ಲಿ, ಅದು ಸಮೃದ್ಧವಾಗಿದೆ. ತೀರಾ ಮೇಲಿನ ಮೆಟ್ಟಿಲಲ್ಲೂ ಸ್ವಲ್ಪ ಇದೆ: ಮನೆದೇವರ ಮುಂದೆ ಆಡುವ ಕೆಲವು ಮಾತು, ಮದುವೆಯಲ್ಲಿ ಹಿರಿಯರು ಹೇಳುವ ಹಾಡು, ಗಾದೆ. ನಡುವಿನ ಎರಡು ಮೆಟ್ಟಿಲು ಮಾತ್ರ ಕನ್ನಡದಲ್ಲಿ ಇಲ್ಲ, ಅಲ್ಲಿ ತಮಿಳು ನಿಂತಿದೆ. ಮದುವೆಯ ಮಾತುಕತೆ ಕನ್ನಡದಲ್ಲಿ ನಡೆಯುತ್ತದೆ, ಲಗ್ನಪತ್ರಿಕೆ ತಮಿಳಿನಲ್ಲಿ ಅಚ್ಚಾಗುತ್ತದೆ. ಸಾವಿನ ಮನೆಯಲ್ಲಿ ಅಳುವುದು ಕನ್ನಡದಲ್ಲಿ, ಗೋಡೆಗೆ ಅಂಟಿಸುವ ಪೋಸ್ಟರ್ ತಮಿಳಿನಲ್ಲಿ.

ಹಾಗಾದರೆ ಮನೆಗನ್ನಡದಲ್ಲಿ ಮರ್ಯಾದೆಯೇ ಇಲ್ಲವೇ? ಇದೆ. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಸರ್ವನಾಮಗಳಲ್ಲಿ ಅಧಿಕಾರ ಮತ್ತು ಆಪ್ತತೆ ಹೇಗೆ ಕೆಲಸ ಮಾಡುತ್ತವೆ ಅಂತ ತೋರಿಸಿದರು. ನಮ್ಮ ನೀನು-ನೀವು ಅದಕ್ಕೆ ಒಳ್ಳೆಯ ಉದಾಹರಣೆ, ತಮಿಳಿನ ನೀ-ನೀಂಗ ಕೂಡ. ಕೊಂಗು ತಮಿಳು ಈ ವಿಷಯದಲ್ಲಿ ಹೆಸರುವಾಸಿ. ಅಲ್ಲಿ ಯಾವ ಮಾತಿಗೆ ಬೇಕಾದರೂ 'ಂಗ' ಸೇರಿಸಿ ಗೌರವ ತರಬಹುದು. 'ಆಮಾಂಗ', 'ಸರಿಂಗ', 'ಏನುಂಗ'. ಧಾರವಾಡದ ಕಡೆಯ 'ಹೌದ್ರಿ', 'ಇಲ್ರಿ' ಇದಕ್ಕೆ ನೆಂಟ. ನಮ್ಮ ಮನೆಯಲ್ಲಿ ಹಿರಿಯರಿಗೆ ಕನ್ನಡದಲ್ಲಿ ಉತ್ತರ ಕೊಡುವಾಗಲೂ ಕೊನೆಗೆ ಒಂದು 'ಸರಿಂಗ' ಬಂದುಬಿಡುತ್ತದೆ. ವಾಕ್ಯ ಕನ್ನಡ, ಮರ್ಯಾದೆ ತಮಿಳು. ಇದನ್ನು ಕಲಬೆರಕೆ ಅಂತ ನೋಡುವುದಕ್ಕಿಂತ ಎರಡು ಭಾಷೆಗಳ ನಡುವಿನ ಕೆಲಸ ಹಂಚಿಕೆ ಅಂತ ನೋಡುವುದು ಹೆಚ್ಚು ಸರಿ.

ಹೋಲಿಕೆಗೆ ತಾಳವಾಡಿಯನ್ನು ನೋಡಬಹುದು. ಅದು ಸತ್ಯಮಂಗಲದ ಘಾಟಿ ಹತ್ತಿದ ಮೇಲೆ ಸಿಗುವ, ಈರೋಡು ಜಿಲ್ಲೆಗೆ ಸೇರಿದ, ಚಾಮರಾಜನಗರದ ಗಡಿಯ ಸೀಮೆ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅಲ್ಲೇ. ರಾಜ್ಯ ತಮಿಳುನಾಡೇ ಆದರೂ ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಂದರೆ ಐದು ಮೆಟ್ಟಿಲುಗಳಲ್ಲಿ ನಡುವಿನವೂ ಸ್ವಲ್ಪಮಟ್ಟಿಗೆ ಕನ್ನಡಕ್ಕೆ ಉಳಿದಿವೆ. ಮೇಷ್ಟ್ರ ಜೊತೆ ಕನ್ನಡದಲ್ಲಿ ಮಾತಾಡಿದ ಮಗುವಿಗೆ ಕನ್ನಡ ಮನೆಯ ಹೊರಗೂ ಬದುಕುವ ಭಾಷೆ ಅಂತ ಗೊತ್ತಿರುತ್ತದೆ. ಕುನ್ನತ್ತೂರಿನ ಮಗುವಿಗೆ ಆ ಅವಕಾಶ ಇಲ್ಲ. ಬಯಲುಸೀಮೆಯ ಕನ್ನಡ ಮನೆಗಳು ಚದುರಿವೆ. ಶಾಲೆ ನಡೆಸುವಷ್ಟು ಮಕ್ಕಳು ಒಂದೇ ಕಡೆ ಸಿಗುವುದು ಕಷ್ಟ.

ನಡುವಿನ ಮೆಟ್ಟಿಲು ಇಲ್ಲದ ಏಣಿಯಿಂದ ಏನು ತೊಂದರೆ? ಪ್ರೀತಿಗೆ, ಜಗಳಕ್ಕೆ, ಹರಟೆಗೆ ಕೊರತೆ ಇಲ್ಲವಲ್ಲ? ತೊಂದರೆ ಮುಂದಿನ ತಲೆಮಾರಿನಲ್ಲಿ ಕಾಣುತ್ತದೆ. ಮುಖ್ಯವಾದ ಮಾತೆಲ್ಲ ಇನ್ನೊಂದು ಭಾಷೆಯಲ್ಲಿ ನಡೆಯುವುದನ್ನು ನೋಡಿದ ಮಗು ಮನೆಯ ಭಾಷೆ ಚಿಲ್ಲರೆ ವಿಷಯಗಳದ್ದು ಅಂತ ಗ್ರಹಿಸುತ್ತದೆ. "ನಮ್ಮದು ಸರಿಯಾದ ಕನ್ನಡ ಅಲ್ಲ" ಅಂತ ನಮ್ಮವರು ಕರ್ನಾಟಕದವರ ಎದುರು ಸಂಕೋಚಪಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಫಾರ್ಮಾಲಿಟಿ ಇಲ್ಲದಿರುವುದು ಸ್ವಾತಂತ್ರ್ಯ ಅಂತ ನಾವು ನಗರದಲ್ಲಿ ಕೂತು ಹೇಳುತ್ತೇವೆ. ಭಾಷೆಯೊಂದಕ್ಕೆ ಅದು ಬಾಗಿಲು ಮುಚ್ಚಿದ ಹಾಗೆ.

6. ಮಾತೃಭಾಷೆಯ ಕಾಲಂ

ಈ ಹಿನ್ನೆಲೆಯಲ್ಲಿ ಮನೆಗನ್ನಡ ಸರ್ಕಾರದ ಕಾಗದದ ಮೇಲೆ ಕಾಣಿಸುವ ಒಂದೇ ಜಾಗವನ್ನು ನೋಡೋಣ: 'ಮಾತೃಭಾಷೆ' ಅನ್ನುವ ಕಾಲಂ. ಶಾಲೆಗೆ ಸೇರಿಸುವಾಗ ಅದನ್ನು ತುಂಬಬೇಕು. ನಮ್ಮ ಬಂಧುಗಳ ಮಗುವಿನ ಅರ್ಜಿ ತುಂಬುವಾಗ ಅಲ್ಲಿದ್ದವರು, "ತಮಿಳು ಅಂತಲೇ ಹಾಕಿ, ಅದೊಂದು ಫಾರ್ಮಾಲಿಟಿ ಅಷ್ಟೆ" ಅಂದರು. ಮನೆಯವರು ಒಪ್ಪಿಕೊಂಡರು. ಆ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ಮುಂದೆ ತೊಡಕಾಗದಿರಲಿ ಅನ್ನುವ ಕಾಳಜಿಯೇ ಇತ್ತು.

ಆದರೆ ನಾವು ಇಲ್ಲಿಯವರೆಗೆ ನೋಡಿದ ಎರಡು ಅರ್ಥಗಳು ಇಲ್ಲಿ ಮುಖಾಮುಖಿ ಆಗುತ್ತವೆ. ಅವರು ಹೇಳಿದ್ದು 'ಫಾರ್ಮಾಲಿಟಿಗೆ' ಅನ್ನುವ ಖಾಲಿ ಅರ್ಥದಲ್ಲಿ. ಆ ಕಾಲಂ ಇರುವುದು 'ಫಾರ್ಮಾಲಿಟೀಸ್' ಅನ್ನುವ ಗಟ್ಟಿ ಅರ್ಥದಲ್ಲಿ. 1956ರ ಏಳನೆಯ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಸಲು ಸಾಕಷ್ಟು ಅನುಕೂಲ ಒದಗಿಸಬೇಕು ಅನ್ನುತ್ತದೆ. 2006ರ ತಮಿಳುನಾಡು ತಮಿಳು ಕಲಿಕೆ ಕಾಯಿದೆಯು ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ರಾಜ್ಯದ ಭಾಷೆಯನ್ನು ಅಲ್ಲಿನ ಮಕ್ಕಳೆಲ್ಲ ಕಲಿಯಬೇಕು ಅನ್ನುವುದು ನ್ಯಾಯವೇ, ಕರ್ನಾಟಕದಲ್ಲಿ ನಾವೂ ಅದನ್ನೇ ಕೇಳುತ್ತೇವೆ. ಆದರೆ ಅಲ್ಪಸಂಖ್ಯಾತರ ಸೌಲಭ್ಯದ ಮಾತು ಬಂದಾಗ ಎಷ್ಟು ಮಕ್ಕಳಿದ್ದಾರೆ ಅನ್ನುವ ಪ್ರಶ್ನೆಗೆ ಉತ್ತರ ಇಂಥ ಕಾಗದಗಳಿಂದಲೇ ಬರಬೇಕು. ಕಾಗದದಲ್ಲಿ ಇಲ್ಲದ ಮಗು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಜನಗಣತಿಯ ವ್ಯಾಖ್ಯೆಯನ್ನೂ ಇಲ್ಲಿ ತಿಳಿದಿರಬೇಕು. ಮಾತೃಭಾಷೆ ಅಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯ ಜೊತೆ ಆಡಿದ ಭಾಷೆ. ಓದು ಬರಹ ಬರಬೇಕು ಅಂತಿಲ್ಲ, ಶುದ್ಧವಾಗಿ ಆಡಬೇಕು ಅಂತಲೂ ಇಲ್ಲ. ತಿಳಿದ ಇನ್ನೆರಡು ಭಾಷೆಗಳನ್ನು ಬರೆಸಲು ಬೇರೆ ಪ್ರಶ್ನೆಯೇ ಇದೆ. ಅಂದರೆ ಕನ್ನಡ ಅಂತ ಬರೆಸಿದರೆ ತ���ಿಳನ್ನು ಬಿಟ್ಟುಕೊಟ್ಟ ಹಾಗಲ್ಲ, ಎರಡಕ್ಕೂ ಜಾಗ ಇದೆ. ನಮ್ಮವರ ಸಂಕೋಚಕ್ಕೆ ಈ ವ್ಯಾಖ್ಯೆಯಲ್ಲಿ ಆಧಾರವೇ ಇಲ್ಲ.

ಫುಲ್ಲರ್ ಹೇಳಿದ ಮೂರು ಕೆಲಸಗಳನ್ನು ಈ ಕಾಲಮ್ಮಿಗೆ ಹಚ್ಚಿ ನೋಡಿ. ಸಾಕ್ಷಿ: ಈ ಮನೆಯಲ್ಲಿ ಈ ಭಾಷೆ ಇತ್ತು ಅನ್ನುವ ದಾಖಲೆ. ಎಚ್ಚರಿಕೆ: ತುಂಬುವ ಕ್ಷಣದಲ್ಲಿ ನಾವು ಯಾರು ಅಂತ ಒಮ್ಮೆ ಯೋಚಿಸುವ ಅವಕಾಶ. ದಾರಿ: ಮುಂದೆ ಪಠ್ಯಪುಸ್ತಕವೋ ಶಿಕ್ಷಕರೋ ಬೇಕು ಅಂತ ಕೇಳಿದರೆ ನಡೆಯಬೇಕಾದ ಹಾದಿ. ತಬರನಿಗೆ ಇಲ್ಲದಿದ್ದ ಕೀಲಿಕೈ ಇಲ್ಲಿ, ಚಿಕ್ಕದೇ ಆಗಲಿ, ನಮ್ಮ ಕೈಯಲ್ಲಿದೆ.

7. ಚರ್ಚೆ

ಪ್ರಬಂಧ ಮಂಡನೆಯ ನಂತರ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ಸಹಪಾಠಿ ಕೇಳಿದರು: "ಹಾಗಾದ್ರೆ ಫಾರ್ಮಾಲಿಟಿಗೆ ಒಂದೇ ಕನ್ನಡ ಪದ ಯಾವುದು?" ಒಂದೇ ಪದ ಹುಡುಕುವುದು ಬೇಡ ಅನ್ನುವುದು ನನ್ನ ಉತ್ತರ. ಕಾಗದದ ಕೆಲಸಕ್ಕೆ ವಿಧಿವಿಧಾನ, ನಡವಳಿಕೆಗೆ ಶಿಷ್ಟಾಚಾರ, ಭಾಷೆಯ ಶೈಲಿಗೆ ಔಪಚಾರಿಕತೆ, ಪೊಳ್ಳಿಗೆ ಕಾಟಾಚಾರ. ಇಂಗ್ಲಿಷ್ ಒಂದೇ ಪದದಲ್ಲಿ ಇಟ್ಟದ್ದನ್ನು ಕನ್ನಡ ಬಿಡಿಸಿ ಇಟ್ಟಿದೆ. ಅನುವಾದ ಮಾಡುವಾಗ ವಾಕ್ಯ ನೋಡಿ ಆರಿಸಿಕೊಳ್ಳಬೇಕು.

ಗುರುಗಳೊಬ್ಬರು ಕೇಳಿದರು: "ಮನೆಗನ್ನಡಕ್ಕೆ ಶಿಷ್ಟ ಕನ್ನಡ ಕಲಿಸಿದರೆ ಅದರ ಸೊಗಡು ಹೋಗುವುದಿಲ್ಲವೇ?" ಈ ಆತಂಕ ನಿಜವಾದದ್ದು, ಸರ್. ಮೈಸೂರು-ಬೆಂಗಳೂರಿನ ಶಿಷ್ಟ ಕನ್ನಡವನ್ನು ತಂದು ಹೇರಿದರೆ "ಇದು ಯಾರ ಕನ್ನಡ?" ಅನ್ನುವ ಪ್ರಶ್ನೆ ಇನ್ನೂ ಜೋರಾಗುತ್ತದೆ. ಬದಲಿಗೆ ಮನೆಗನ್ನಡವನ್ನೇ ಒಂದೆರಡು ಮೆಟ್ಟಿಲು ಹತ್ತಿಸಬಹುದು ಅನ್ನಿಸುತ್ತದೆ. ಲಗ್ನಪತ್ರಿಕೆಯಲ್ಲಿ ತಮಿಳಿನ ಕೆಳಗೆ ನಾಲ್ಕು ಸಾಲು ನಮ್ಮ ಮಾತಿನಲ್ಲೇ ಅಚ್ಚು ಹಾಕಿಸುವುದು, ಮನೆಯ ಹಿರಿಯರ ಬಗ್ಗೆ ಎರಡು ಪುಟ ಅದೇ ಮಾತಿನಲ್ಲಿ ಬರೆದಿಡುವುದು, ಬೇಕಾದರೆ ತಮಿಳು ಲಿಪಿಯಲ್ಲೇ ಬರೆಯುವುದು. ಕಳೆದ ವರ್ಷದಿಂದ ನಾನು ಅಜ್ಜಿಗೆ ಕಾಗದ ಬರೆಯುತ್ತಿದ್ದೇನೆ, ತಮಿಳು ಅಕ್ಷರದಲ್ಲಿ, ಮನೆಗನ್ನಡದಲ್ಲಿ. ಮೇಲೆ 'ಕ್ಷೇಮ' ಅಂತ ಹಾಕುತ್ತೇನೆ, ಕೆಳಗೆ 'ಬೇಡುವ ಆಶೀರ್ವಾದಗಳು' ಅಂತ ಬರೆಯುತ್ತೇನೆ. ಅವು ಹಳೆಯ ಕನ್ನಡ ಪತ್ರಗಳ ಸಿದ್ಧ ಮಾತುಗಳು. ಅಪ್ಪ ಅದನ್ನು ಓದಿ ಹೇಳುತ್ತಾರೆ. ಈಗ ಅಜ್ಜಿ ಪತ್ರ ಬಂದಿಲ್ಲ ಅಂದರೆ ಕೇಳುತ್ತಾರಂತೆ.

ವಂದನಾರ್ಪಣೆ ಇನ್ನೂ ಬಾಕಿ ಇದೆ ಅಂತ ಸಂಚಾಲಕರು ಹೇಳುತ್ತಿದ್ದಾರೆ. ದಯವಿಟ್ಟು ಯಾರೂ ಲಾಗ್ಔಟ್ ಆಗಬೇಡಿ.